ಫ್ಯಾನಿನ ಕೆಳಗಿನ ಸರ್ವ್

ಶುಭಕಾರ್ಯ ಮಾಡದ ಆಟಿ ತಿಂಗಳಲ್ಲಿ, ಅಂದರೆ ತುಳುನಾಡಿನ ಆಷಾಢದಲ್ಲಿ, ಮದುವೆ ಹಾಲ್‌ಗಳೆಲ್ಲ ಖಾಲಿ ಇರುತ್ತವೆ ಎಂದು ಯಾರಾದರೂ ಹೇಳಿದರೆ, ಯಾರ ಮದುವೆಯ ಮಾತು ಎಂದು ಮೊದಲು ಕೇಳಿಕೊಳ್ಳಿ. ನಾನು ಕೇಳಲಿಲ್ಲ. ಹಾಗಾಗಿ ಒಪ್ಪಂದವಾದ ನಾಲ್ಕನೆಯ ದಿನ ಬೆಳಿಗ್ಗೆ ಆರು ಗಂಟೆಗೆ ರ‍್ಯಾಕೆಟ್ ಚೀಲ ಹೆಗಲಿಗೇರಿಸಿಕೊಂಡು ಪುತ್ತೂರು–ಸುಳ್ಯ ರಸ್ತೆಯಲ್ಲಿ ಅಭ್ಯಾಸಕ್ಕೆಂದು ಹಿಡಿದಿದ್ದ ಹಾಲ್‌ಗೆ ಬಂದರೆ ಬಾಗಿಲಲ್ಲೇ ಬಿರಿಯಾನಿಯ ದೊಡ್ಡ ಪಾತ್ರೆಗಳು ಸಾಲಾಗಿ ಕೂತಿದ್ದವು.

"ಹಾಜಿಯವರೇ, ಇದೆಂತ? ಆಟಿಯಲ್ಲಿ ಮದುವೆಯಾ?"

"ಆಟಿ ನಿಮಗೆ ಮಾರಾಯ. ನಮಗೆಂತ ಆಟಿ? ಹುಡುಗನಿಗೆ ದುಬೈಯಿಂದ ರಜೆ ಸಿಕ್ಕಿದ್ದು ಈಗ. ಅವನ ಕಂಪೆನಿಗೆ ಪಂಚಾಂಗ ಕಳಿಸ್ಲಾ? ಮದುವೆ ನಾಳೆ, ಇವತ್ತು ಕುರ್ಚಿ ಜೋಡಿಸು."

ಹಾಜಿಯವರು ಆ ಹಾಲ್‌ನ ಮ್ಯಾನೇಜರ್. ಕರಾವಳಿಯ ಬ್ಯಾರಿ ಮುಸ್ಲಿಂ ಸಮುದಾಯದವರು. ಹದಿನೆಂಟು ವರ್ಷ ಗಲ್ಫ್‌ನಲ್ಲಿ ಒಂದು ಹೋಟೆಲ್‌ನ ಸ್ಟೋರ್ ನೋಡಿಕೊಂಡು ಬಂದವರು. ಚಮಚ ಒಂದು ಕಡಿಮೆಯಾದರೂ ಅವರಿಗೆ ಊಟ ಸೇರುವುದಿಲ್ಲ. ನಾನು ಆಲಂಕಾರಿನವನು. ಆಗ ನನಗೆ ಇಪ್ಪತ್ತೆರಡು. ಟೆನಿಸ್ ನನ್ನ ವೃತ್ತಿ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲ.

ಯಾಕೆಂದರೆ ನನಗೆ ಅಂಕ ಇರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಶ್ವದ ಪಟ್ಟಿಯಲ್ಲಿ ಹೆಸರು ಬರಲು ಕನಿಷ್ಠ ಒಂದು ಅಂಕ ಬೇಕು. ಅತಿ ಕೆಳಗಿನ ಮಟ್ಟದ ಟೂರ್ನಿಯಲ್ಲೂ ನನ್ನಂಥವನು ಆ ಒಂದನ್ನು ಪಡೆಯಬೇಕಾದರೆ ಮೊದಲು ಅರ್ಹತಾ ಸುತ್ತಿನಲ್ಲಿ ಎರಡು ಪಂದ್ಯ ಗೆಲ್ಲಬೇಕು, ಆಮೇಲೆ ಮುಖ್ಯ ಸುತ್ತಿಗೆ ಹೋಗಿ ಇನ್ನೊಂದು ಗೆಲ್ಲಬೇಕು. ಸಾಲಾಗಿ ಮೂರು ಗೆಲುವು, ಒಂದು ಅಂಕ. ಎರಡು ಗೆದ್ದು ಮೂರನೆಯದು ಸೋತರೆ ಸೊನ್ನೆ. ಒಂದೂವರೆ ವರ್ಷ ನಾನು ಈ ಸೊನ್ನೆಯ ಹಿಂದೆ ರೈಲು ಹತ್ತಿ ಇಳಿದಿದ್ದೆ.

ಅಪ್ಪ ಆಲಂಕಾರು ಪೇಟೆಯಲ್ಲಿ ಟೈಲರ್. ಅವರಿಗೆ ಇದನ್ನು ವಿವರಿಸಿದಾಗ ಮೆಷಿನ್ ನಿಲ್ಲಿಸಲಿಲ್ಲ.

"ಒಂದು ಅಂಕ ಅಂದ್ರೆ ಎಷ್ಟು?"

"ಒಂದೇ ಅಪ್ಪ."

"ಒಂದಕ್ಕೆ ಒಂದೂವರೆ ವರ್ಷವಾ? ಒಂದು ಪ್ಯಾಂಟಿಗೆ ನಾನು ಅಷ್ಟು ತೆಗೊಂಡ್ರೆ ಗಿರಾಕಿ ಲುಂಗಿಯಲ್ಲೇ ಮದುವೆಗೆ ಹೋಗ್ಬೇಕು."

ಅವರು ನನಗೆ ಬಿ.ಪಿ.ಎಡ್. ಸೀಟು ನೋಡಿ ಇಟ್ಟಿದ್ದರು. ದೈಹಿಕ ಶಿಕ್ಷಕನಾಗುವ ಓದು. ಕೆಟ್ಟ ಕೆಲಸವಲ್ಲ, ನನ್ನ ಕೋಚ್ ಕೂಡ ನಿವೃತ್ತ ಪಿ.ಟಿ. ಮಾಷ್ಟ್ರೇ. ನಾನು ಎರಡು ವರ್ಷದ ಗಡುವು ಕೇಳಿದೆ, ಅವರು ಗಣೇಶ ಚೌತಿಯವರೆಗೆ ಎಂದರು. ಕೊನೆಗೆ ಆ ಕಾಲೇಜಿನ ಪ್ರವೇಶದ ಕೊನೆಯ ದಿನಕ್ಕೆ ಇತ್ಯರ್ಥವಾಯಿತು. ಅದು ಅಕ್ಟೋಬರ್‌ನ ಒಂದು ಶನಿವಾರ. ಅಷ್ಟರೊಳಗೆ ಅಂಕ ಬಂದರೆ ಆಟ, ಬಾರದಿದ್ದರೆ ಓದು. ನಾನು ಯಾರ ಜೊತೆ ಬೇಕಾದರೂ ಚೌಕಾಸಿ ಮಾಡಬಲ್ಲೆ, ಅಪ್ಪನ ಜೊತೆ ಮಾತ್ರ ಕಷ್ಟ. ಅವರು ಸೀಮೆಸುಣ್ಣದಲ್ಲಿ ಒಮ್ಮೆ ಗೆರೆ ಎಳೆದರೆ ಕತ್ತರಿ ಅಲ್ಲೇ ಹೋಗುತ್ತದೆ.

ಅಕ್ಟೋಬರ್‌ವರೆಗೆ ನನಗೆ ಸಿಗುವ ಟೂರ್ನಿಗಳು ಎರಡೇ. ಸೆಪ್ಟೆಂಬರ್‌ನಲ್ಲಿ ಒಂದು, ಅಕ್ಟೋಬರ್ ಆರಂಭದಲ್ಲಿ ಇನ್ನೊಂದು. ಜೂನ್‌ನಿಂದ ನಮ್ಮ ಪುತ್ತೂರಿನ ಕಾಂಕ್ರೀಟ್ ಕೋರ್ಟ್ ಮೇಲೆ ಪಾಚಿ. ಅದರ ಮೇಲೆ ಓಡಿದರೆ ಟೆನಿಸ್ ಆಗುವುದಿಲ್ಲ, ಮೂಳೆ ಡಾಕ್ಟರ ಬಳಿ ಹೋಗಬೇಕಾಗುತ್ತದೆ. ಹಾಗಾಗಿ ನಾನು ಮದುವೆ ಹಾಲ್ ಹುಡುಕಿದ್ದು. ಎಪ್ಪತ್ತೈದು ಅಡಿ ಉದ್ದದ ಹಾಲ್. ಪೂರ್ತಿ ಕೋರ್ಟ್ ಹಿಡಿಸದಿದ್ದರೂ ಒಂದು ಬದಿಯ ಕೊನೆಯ ಗೆರೆಯಿಂದ ಬಲೆ ದಾಟಿ ಎದುರು ಬದಿಯ ಸರ್ವ್ ಚೌಕದವರೆಗೆ ಹಿಡಿಸುತ್ತದೆ. ಸರ್ವ್ ಅಭ್ಯಾಸಕ್ಕೆ ಅಷ್ಟು ಸಾಕು.

ಒಪ್ಪಂದದಲ್ಲಿ ಬಾಡಿಗೆಯ ಮಾತು ಬರದಂತೆ ನೋಡಿಕೊಂಡೆ. ಹಾಲ್ ಮ್ಯಾನೇಜರ್‌ಗೆ ದುಡ್ಡಿಗಿಂತ ಹೆಚ್ಚು ಬೇಕಾದದ್ದು ಹೇಳಿದ ಸಮಯಕ್ಕೆ ಬರುವ ಕೈಗಳು. ನಿಮಗೂ ಹೇಳುತ್ತೇನೆ: ಎದುರಿನವನಿಗೆ ಯಾವುದು ತಲೆನೋವೋ ಅದನ್ನು ನೀವು ಹೊತ್ತುಕೊಳ್ಳಿ, ನಿಮಗೆ ಬೇಕಾದದ್ದು ಬಾಡಿಗೆಯಿಲ್ಲದೆ ಬರುತ್ತದೆ. ಕಾರ್ಯಕ್ರಮದ ಹಿಂದಿನ ದಿನ ನಾನೂರು ಕುರ್ಚಿ ಜೋಡಿಸಿ ಕೊಡುವುದು, ಮರುದಿನ ಅಟ್ಟಿ ಹಾಕುವುದು ನನ್ನ ಕೆಲಸ. ಬದಲಿಗೆ ಬೆಳಿಗ್ಗೆ ಆರರಿಂದ ಒಂಬತ್ತು ಹಾಲ್ ನನ್ನದು. ನೆಲಕ್ಕೆ ಟೇಪ್ ಅಂಟಿಸುವಂತಿಲ್ಲ. ಇನ್ನೊಂದು ಷರತ್ತು ಹಾಜಿಯವರದ್ದು.

"ಫ್ಯಾನಿಗೆ ಬಾಲ್ ತಾಗಿದ್ರೆ ಮೂರು ದಿನ ಆಟ ಬಂದ್."

"ಮೂರು ಜಾಸ್ತಿ ಆಯ್ತು ಹಾಜಿಯವರೇ. ಒಂದು ದಿನ ಇಡಿ. ಅಭ್ಯಾಸ ನಿಂತ್ರೆ ಕುರ್ಚಿ ಹೊರುವ ಕೈಯೂ ನಿಲ್ತದೆ."

"ಹಾ ಹಾ, ಹೆದರಿಸುದು ಬೇರೆ! ಒಂದೇ ಇರ್ಲಿ. ಆದ್ರೆ ತಾಗಿದ ಕ್ಷಣಕ್ಕೆ ಚೀಲ ಕಟ್ಬೇಕು, ಆಯ್ತಾ? ಆರು ಗಂಟೆ ಐದು ನಿಮಿಷಕ್ಕೆ ತಾಗಿದ್ರೂ."

ಒಪ್ಪಿದೆ. ಮೂರನ್ನು ಒಂದಕ್ಕೆ ಇಳಿಸಿದೆ ಎಂದು ಬಸ್ಸಿನಲ್ಲಿ ಕೂತು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ವರ್ಷ ನಾನು ಮಾಡಿದ ಅತಿ ದುಬಾರಿ ಚೌಕಾಸಿ ಅದು.

ಶಾಮಿಯಾನದ ಬಟ್ಟೆಯನ್ನು ಹಗ್ಗಕ್ಕೆ ಇಳಿಬಿಟ್ಟು ಬಲೆ ಮಾಡಿದೆವು. ಟೈಲ್ಸ್ ನೆಲ, ಚೆಂಡು ಪುಟಿಯುವ ಬದಲು ಜಾರಿಕೊಂಡು ಬರುತ್ತಿತ್ತು. ಬಿರಿಯಾನಿಯ ಮರುದಿನವಂತೂ ಎಷ್ಟು ಒರೆಸಿದರೂ ಬೂಟಿನಡಿ ತುಪ್ಪದ ಪಸೆ. ಕೋಚ್ ವೇದಿಕೆಯ ಕೆಳಗೆ ನಿಂತು ಎದುರಿಸುತ್ತಿದ್ದರು, ನಾನು ಬಾಗಿಲ ಕಡೆಯಿಂದ ಹಾಕುತ್ತಿದ್ದೆ. ನನ್ನ ತಲೆಯ ಮೇಲೆ ಉದ್ದ ರಾಡಿಗೆ ತೂಗುಬಿಟ್ಟ ಫ್ಯಾನುಗಳು, ನೆಲದಿಂದ ಹನ್ನೊಂದು ಅಡಿಯಲ್ಲಿ.

ಮೊದಲ ವಾರ ಚೆಂಡು ಮೂರು ಸಲ ಫ್ಯಾನಿಗೆ ಬಡಿಯಿತು. ಮೂರು ದಿನ ಹೋಯಿತು. ಒಂದು ಸಲವಂತೂ ನಿಜವಾಗಿ ಆರೂ ಹತ್ತಕ್ಕೇ ತಾಗಿ, ಆಲಂಕಾರಿನಿಂದ ಮೊದಲ ಬಸ್ಸು ಹಿಡಿದು ಬಂದವನು ಅದೇ ಬಸ್ಸು ವಾಪಸು ಹೊರಡುವಾಗ ಅದರಲ್ಲೇ ಕೂತೆ. ಕಂಡಕ್ಟರ್ ಕೇಳಿದ, "ಎಂತ, ಪುತ್ತೂರು ನೋಡಿ ಆಯ್ತಾ?" ಎರಡನೆಯ ವಾರ ಒಂದು ಸಲ. ಮೂರನೆಯ ವಾರದಿಂದ ತಾಗಲೇ ಇಲ್ಲ. ನಾನು ಸುಧಾರಿಸಿದೆ ಎಂದುಕೊಂಡೆ. ಕೋಚ್ ಕೂಡ "ಈಗ ಹತೋಟಿ ಬಂತು" ಎಂದರು. ಹಾಜಿಯವರು ಸೊಟ್ಟಗಾಗಿದ್ದ ಫ್ಯಾನಿನ ರೆಕ್ಕೆ ನೇರ ಮಾಡಿಸಿದರು.

ಸೆಪ್ಟೆಂಬರ್‌ನ ಟೂರ್ನಿಗೆ ಎರಡು ರಾತ್ರಿ ರೈಲಿನಲ್ಲಿ ಹೋದೆ. ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿ ಎದುರಾಳಿಯನ್ನು ನೋಡಿದಾಗ ಖುಷಿಯಾಯಿತು. ಹಿಂದೆ ಎರಡು ಸಲ ಸುಲಭವಾಗಿ ಸೋಲಿಸಿದ್ದವನು. ಸರ್ವ್ ಮಾಡಲು ನಿಂತೆ. ಮೊದಲನೆಯದು ಬಲೆಗೆ. ಎರಡನೆಯದೂ ಬಲೆಗೆ. ಸರಿ, ಪ್ರಯಾಣದ ಆಯಾಸ ಎಂದುಕೊಂಡೆ. ಆ ಗೇಮ್‌ನಲ್ಲೇ ಇನ್ನೆರಡು ಸಲ ಹಾಗೇ ಆಯಿತು. ಹೀಗೆ ಎರಡೂ ಸರ್ವ್ ತಪ್ಪುವ ಡಬಲ್ ಫಾಲ್ಟ್ ಎರಡು ಸೆಟ್‌ನಲ್ಲಿ ಹದಿನಾಲ್ಕು. ಹದಿನಾಲ್ಕು! ಎದುರಾಳಿ ರ‍್ಯಾಕೆಟ್ ಬೀಸದೆಯೇ ಮೂರೂವರೆ ಗೇಮ್‌ನಷ್ಟು ಪಾಯಿಂಟ್ ಪಡೆದ. ಪಂದ್ಯ ಮುಗಿದ ಮೇಲೆ ಕೈಕುಲುಕುತ್ತ "ಭುಜಕ್ಕೆ ಪೆಟ್ಟಾಗಿದೆಯಾ?" ಎಂದು ಹಿಂದಿಯಲ್ಲಿ ಕರುಣೆಯಿಂದ ಕೇಳಿದ. ಆ ಕರುಣೆ ಸೋಲಿಗಿಂತ ಹೆಚ್ಚು ಉರಿಯಿತು.

ವಾಪಸು ಬರುವ ದಾರಿಯಲ್ಲಿ ಎಲ್ಲವನ್ನೂ ದೂರಿದೆ. ಚೆಂಡು ಬೇರೆ ಕಂಪೆನಿಯದ್ದು. ಗಾಳಿ ಇತ್ತು. ರ‍್ಯಾಕೆಟಿನ ತಂತಿ ಬಿಗಿ ಹೆಚ್ಚಾಯಿತು. ಪುತ್ತೂರಿಗೆ ಬಂದವನೇ ತಂತಿಯನ್ನು ಐವತ್ತನಾಲ್ಕು ಪೌಂಡಿನಿಂದ ಐವತ್ತೊಂದಕ್ಕೆ ಇಳಿಸಿದೆ. ಮತ್ತೆ ಹಾಲ್‌ನಲ್ಲಿ ಹಾಕಿದರೆ ಚೆಂಡು ಕೆಲವೊಮ್ಮೆ ಮಾತ್ರ ಬಲೆ ದಾಟುತ್ತಿತ್ತು. ಜೋರು ಹಾಕಿದರೆ ಬಲೆಗೆ, ಮೆಲ್ಲ ಹಾಕಿದರೆ ಒಳಗೆ. ಕೋಚ್ ದಿನಕ್ಕೊಂದು ಕಾರಣ ಹುಡುಕಿದರು. ಸೋಮವಾರ ಮೊಣಕಾಲು, ಮಂಗಳವಾರ ಮಣಿಕಟ್ಟು, ಬುಧವಾರ ಎಡಗಾಲಿನ ಹೆಬ್ಬೆರಳು. ಗುರುವಾರ ಉಸಿರಾಟಕ್ಕೆ ಬಂದರು. ಶುಕ್ರವಾರ ನಾನು ರ‍್ಯಾಕೆಟನ್ನು ಕುರ್ಚಿಗಳ ಅಟ್ಟಿಯ ಮೇಲೆ ಇಟ್ಟು ನೆಲದ ಮೇಲೆ ಕೂತೆ.

ಅಲ್ಲಿ ಕೂತು ಆ ಪಂದ್ಯದ ವಿಡಿಯೋವನ್ನು ಫೋನಿನಲ್ಲಿ ಹತ್ತನೆಯ ಸಲವೋ ಏನೋ ನೋಡುತ್ತಿದ್ದೆ. ಬೇಲಿಗೆ ಫೋನ್ ಕಟ್ಟಿ ತೆಗೆದದ್ದು. ಹಾಜಿಯವರು ಬೀಗದ ಗೊಂಚಲು ತಿರುಗಿಸುತ್ತ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಇದು ಎಲ್ಲಿ?"

"ಟೂರ್ನಿಯಲ್ಲಿ."

"ತಲೆ ಮೇಲೆ ಮಾಡು ಉಂಟಾ ಅಲ್ಲಿ?"

"ಟೆನಿಸ್‌ಗೆಂತ ಮಾಡು ಹಾಜಿಯವರೇ? ಬಯಲು. ಮೇಲೆ ಆಕಾಶ."

"ಮತ್ತೆ ನೀನು ಫ್ಯಾನಿಗೆ ಎಂತಕ್ಕೆ ಹೆದರ್ತಿ?"

ನಾನು ತಲೆಯೆತ್ತಿ ಅವರನ್ನು ನೋಡಿದೆ. ಅವರು ಬೆರಳಿನಿಂದ ಪರದೆಯನ್ನು ಮುಟ್ಟಿ ನಿಲ್ಲಿಸಿದರು.

"ನೋಡು. ಬಾಲ್ ಬಿಡುವ ಮೊದಲು ಕಣ್ಣು ಮೇಲೆ ಹೋಗ್ತದೆ. ಇಲ್ಲಿಯೂ ಹಾಗೇ ಮಾಡುದು ನೀನು. ಫ್ಯಾನ್ ಎಲ್ಲಿ ಉಂಟು ಅಂತ ನೋಡಿ, ಅದರ ಕೆಳಗೆ ನಿಲ್ಲಿಸುದು. ನನಗೆ ಗೊತ್ತಿಲ್ವಾ, ದಿನಾ ಇಲ್ಲಿ ಕೂತು ಅದನ್ನೇ ನೋಡುದು ನಾನು."

ಆಮೇಲೆ ಹಿಂದಿನ ವರ್ಷದ ಒಂದು ವಿಡಿಯೋ ಹುಡುಕಿ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದೆವು. ಸರ್ವ್ ಮಾಡುವ ಮೊದಲು ಎಡಗೈಯಿಂದ ಚೆಂಡನ್ನು ಮೇಲಕ್ಕೆ ಹಾರಿಸುವುದಕ್ಕೆ ಟಾಸ್ ಎನ್ನುತ್ತೇವೆ. ಹಿಂದಿನ ವರ್ಷ ನನ್ನ ಟಾಸ್ ವಿಡಿಯೋದ ಚೌಕಟ್ಟನ್ನು ದಾಟಿ ಮೇಲೆ ಹೋಗಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಈಗ ಚೌಕಟ್ಟಿನೊಳಗೇ ನಿಂತು ಬೀಳುತ್ತಿತ್ತು. ಹೆಚ್ಚುಕಡಿಮೆ ಎರಡು ಅಡಿ ಕಡಿಮೆ. ಆದರೆ ನನ್ನ ಬಲಗೈ ಹಳೆಯ ಲೆಕ್ಕದಲ್ಲೇ ಹಿಂದೆ ಹೋಗಿ, ಬೆನ್ನು ಸುತ್ತಿ, ಉದ್ದ ದಾರಿಯಲ್ಲಿ ಬರುತ್ತಿತ್ತು. ಕೈ ತಲುಪುವಷ್ಟರಲ್ಲಿ ಚೆಂಡು ಇಳಿದಾಗಿರುತ್ತಿತ್ತು. ಮೆಲ್ಲ ಹಾಕುವಾಗ ಹೇಗೋ ಸಂಭಾಳಿಸುತ್ತಿತ್ತು, ಜೋರು ಹಾಕುವಾಗ ಇಲ್ಲ. ನಾನು ಹಾಜಿಯವರ ಜೊತೆ ಮಾಡಿಕೊಂಡದ್ದು ಒಂದು ಒಪ್ಪಂದ. ನನ್ನ ಎಡಗೈ ನನಗೆ ಹೇಳದೆ ಫ್ಯಾನಿನ ಜೊತೆ ಇನ್ನೊಂದು ಮಾಡಿಕೊಂಡಿತ್ತು.

ಕೋಚ್ ಎರಡೂ ವಿಡಿಯೋಗಳನ್ನು ಮೊದಲಿನಿಂದ ಮತ್ತೆ ಹಾಕಿ ನೋಡಿದರು. ಎದುರು ನಿಂತವರಿಗೆ ಚೆಂಡು ಕಾಣುತ್ತದೆ, ಅದು ಎಲ್ಲಿಂದ ಬಂತೆಂದು ಕಾಣುವುದಿಲ್ಲ. ಅವರಿಗೆ ಬೇಸರವಾಗಿತ್ತು, ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಬೇಡಿ. ಫ್ಯಾನ್ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಹೊತ್ತು ಇರಲು ಸಾಧ್ಯ?

"ಟಾಸ್ ಹಳೆಯ ಎತ್ತರಕ್ಕೆ ತರ್ಬೇಕು," ಎಂದರು ಕೋಚ್. "ಬಯಲಲ್ಲೇ ಮಾಡ್ಬೇಕು. ಎಂಟು ವಾರ."

"ಇರುದು ಹತ್ತೊಂಬತ್ತು ದಿನ ಸರ್."

"ಹಾಗಾದ್ರೆ ಈ ಸಲ ಬಿಡು. ಬಿ.ಪಿ.ಎಡ್. ಮಾಡಿಕೊಂಡೂ ಆಡಬಹುದು."

"ನೀವು ಹಾಗೆ ಅಂದುಕೊಂಡೇ ಅಲ್ವಾ ಸೇರಿದ್ದು? ಆಮೇಲೆ ಎಷ್ಟು ಆಡಿದ್ರಿ?"

ಹಾಗೆ ಹೇಳಬಾರದಿತ್ತು. ಹೇಳಿಯಾಗಿತ್ತು. ಅವರು ಮಕ್ಕಳಿಗೆ ಮೂವತ್ತು ವರ್ಷ ಕಬಡ್ಡಿ ಅಂಕಣ ಗೀಚಿ ಕೊಟ್ಟು, ನಿವೃತ್ತಿಯ ಮೇಲೆ ಮತ್ತೆ ರ‍್ಯಾಕೆಟ್ ಹಿಡಿದವರು.

ಆ ದಿನ ಮಧ್ಯಾಹ್ನ ಬಸ್ಸಿನಲ್ಲಿ ಕೂತು ನಾನು ತೀರ್ಮಾನಿಸಿದೆ. ಟಾಸ್ ಸರಿಪಡಿಸುವುದಿಲ್ಲ. ಅದು ಕೆಳಗೇ ಇರಲಿ. ಒಂದು ವಿಷಯದಲ್ಲಿ ಅದು ಚೆನ್ನಾಗಿತ್ತು: ಎರಡು ತಿಂಗಳು ದಿನಾ ಹಾಕಿ ಹಾಕಿ ಪ್ರತಿ ಸಲವೂ ಅದೇ ಜಾಗಕ್ಕೆ ಬರುತ್ತಿತ್ತು. ಹಳೆಯ ಎತ್ತರದ ಟಾಸ್ ಹಾಗೆ ಎಂದೂ ಬಂದಿರಲಿಲ್ಲ. ಹಾಗಾದರೆ ಬದಲಾಗಬೇಕಾದದ್ದು ಬಲಗೈ. ಅದರ ದಾರಿ ಕಡಿಮೆ ಮಾಡಬೇಕು. ಬೆನ್ನ ಹಿಂದಿನ ಸುತ್ತು ಬಿಟ್ಟು, ರ‍್ಯಾಕೆಟನ್ನು ಮೊದಲೇ ಕಿವಿಯ ಪಕ್ಕಕ್ಕೆ ಎತ್ತಿ ಹಿಡಿದು, ಚೆಂಡು ಮೇಲೆ ಹೋಗಿ ನಿಲ್ಲುವ ಕ್ಷಣಕ್ಕೇ ಹೊಡೆದುಬಿಡುವುದು. ವೇಗ ಹೋಗುತ್ತದೆ, ಹೋಗಲಿ. ನಿಮ್ಮ ಕೈಯಲ್ಲಿರುವ ಸರಕು ಹಾಳಾಗಿದ್ದರೆ ಅದನ್ನು ಒಳ್ಳೆಯದು ಮಾಡಲು ಹೊರಡಬೇಡಿ, ಅದು ಯಾವ ಕೆಲಸಕ್ಕೆ ಬರುತ್ತದೋ ನೋಡಿ.

ಕೋಚ್‌ಗೆ ಫೋನ್ ಮಾಡಿ ಹೇಳಿದೆ.

"ಮದುವೆ ಹಾಲ್‌ನ ಸರ್ವಿಗೆ ನಾನು ಕೋಚ್ ಅಲ್ಲ," ಎಂದು ಫೋನ್ ಇಟ್ಟರು.

ಎರಡು ದಿನ ಬರಲಿಲ್ಲ. ನಾನೊಬ್ಬನೇ ಹಾಕಿದೆ. ಡೆಕೊರೇಷನ್‌ನವರು ಬಿಟ್ಟುಹೋದ ಹೂ ಕಟ್ಟುವ ದಾರವನ್ನು ಎರಡು ಕಂಬಗಳ ನಡುವೆ ಹತ್ತೂವರೆ ಅಡಿ ಎತ್ತರಕ್ಕೆ ಬಿಗಿದೆ. ಚೆಂಡು ಆ ದಾರವನ್ನು ಸವರಿ ಬರಬೇಕು, ದಾಟಬಾರದು. ಎದುರಿನ ಚೌಕದ ಎರಡೂ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟೆ. ದಿನಕ್ಕೆ ನೂರೈವತ್ತು ಸರ್ವ್, ಎಪ್ಪತ್ತೈದು ಎಡಗಡೆಯ ಕುರ್ಚಿಗೆ, ಎಪ್ಪತ್ತೈದು ಬಲಗಡೆಯದಕ್ಕೆ. ಮೊದಲ ದಿನ ಕುರ್ಚಿಗೆ ತಾಗಿದ್ದು ಹನ್ನೊಂದು. ಬಲಗೈ ಹಳೆಯ ದಾರಿ ಮರೆಯುತ್ತಿರಲಿಲ್ಲ, ಅರ್ಧಕ್ಕೆ ಹೋಗಿ ನಾಚಿಕೊಂಡವರ ಹಾಗೆ ನಿಲ್ಲುತ್ತಿತ್ತು. ಎರಡನೆಯ ದಿನ ಭುಜದ ಮುಂಭಾಗ ನೋಯಲು ಶುರುವಾಯಿತು. ಸುತ್ತು ಇಲ್ಲದ ಮೇಲೆ ಬಲವೆಲ್ಲ ಭುಜದಿಂದಲೇ ಬರುತ್ತಿತ್ತು.

ಮೂರನೆಯ ದಿನ ಆರು ಗಂಟೆಗೆ ಕೋಚ್ ಚೆಂಡಿನ ಬುಟ್ಟಿಯ ಪಕ್ಕ ನಿಂತಿದ್ದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ.

"ಎಷ್ಟು ತಾಗ್ತದೆ?" ಎಂದರು.

"ಹದಿನೆಂಟು."

"ಭುಜ ನೋಯ್ತದಾ?"

"ಹೌದು ಸರ್."

"ನೋಯದೆ ಎಂತ? ಸೊಂಟ ಬಾಡಿಗೆಗೆ ಕೊಟ್ಟಿದ್ದೀಯಾ? ಅದನ್ನು ತಿರುಗಿಸು. ಕೈ ಹಿಂದೆ ಹೋಗದಿದ್ರೆ ಸೊಂಟ ಹೋಗ್ಬೇಕು."

ಅಷ್ಟೇ. ಮರುದಿನಕ್ಕೆ ನೋವು ಅರ್ಧವಾಯಿತು.

ಅಷ್ಟರಲ್ಲಿ ಹಾಲ್ ನನ್ನ ಕೈತಪ್ಪತೊಡಗಿತು. ಆಟಿ ಮುಗಿದು ತಿಂಗಳು ದಾಟಿತ್ತು. ಮದುವೆ, ನಿಶ್ಚಿತಾರ್ಥ ಸಾಲದೆಂಬಂತೆ ಸೆಪ್ಟೆಂಬರ್ ನಮ್ಮ ಕಡೆ ಸಹಕಾರಿ ಸೊಸೈಟಿಗಳ ಮಹಾಸಭೆಯ ತಿಂಗಳು. ಊರಿಗೊಂದು ಸೊಸೈಟಿ, ಸೊಸೈಟಿಗೊಂದು ಮಹಾಸಭೆ, ಸಭೆಗೆ ನಾನೂರು ಕುರ್ಚಿ, ಆ ನಾನೂರನ್ನು ಜೋಡಿಸುವುದು ನಾನು. ಹತ್ತೊಂಬತ್ತು ದಿನಗಳಲ್ಲಿ ಹಾಲ್ ಸಿಕ್ಕಿದ್ದು ಹತ್ತೇ ದಿನ. ಉಳಿದ ದಿನ ಶಾಮಿಯಾನದ ಗೋದಾಮಿನಲ್ಲಿ ಪರದೆ ಕಟ್ಟಿ, ಹದಿನೈದು ಅಡಿಯಿಂದ ಪರದೆಗೆ ಹಾಕಿದೆ. ಚೆಂಡು ಎಲ್ಲಿಗೆ ಹೋಗುತ್ತಿತ್ತೆಂದು ದೇವರಿಗೇ ಗೊತ್ತು. ಒಂದು ದಿನ ಕುರ್ಚಿ ಅಟ್ಟಿ ಹಾಕುವಾಗ ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ಎಡಗೈಯ ತೋರುಬೆರಳು. ಟಾಸ್ ಹಾಕುವ ಕೈ! ಹಾಜಿಯವರು ಐಸ್ ತಂದುಕೊಟ್ಟು, "ಕುರ್ಚಿ ಇನ್ನು ಸಾಕು, ಹೋಗು," ಎಂದರು. ನಾನು ಹೋಗಲಿಲ್ಲ. ಒಪ್ಪಂದದಲ್ಲಿ ಒಂದು ತುದಿ ಬಿಟ್ಟುಕೊಟ್ಟರೆ ಇನ್ನೊಂದು ತುದಿಯನ್ನೂ ಎಂದಾದರೂ ಕೇಳುತ್ತಾರೆ.

ಕೊನೆಯ ದಿನ ಕುರ್ಚಿಗೆ ತಾಗಿದ್ದು ನಲವತ್ತಾರು.

ಅಕ್ಟೋಬರ್‌ನ ಟೂರ್ನಿ ಬಯಲುಸೀಮೆಯ ಒಂದು ನಗರದಲ್ಲಿ. ಸುಡುವ ಬಿಸಿಲು, ಮೇಲೆ ಏನೂ ಇಲ್ಲ. ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿ ನನ್ನ ಹೊಸ ಸರ್ವ್ ನೋಡಿ ಎದುರಾಳಿ ನಕ್ಕ. ವೇಗವಿರಲಿಲ್ಲ, ನಗಲಿ. ಆದರೆ ಟಾಸ್ ಎತ್ತರ ಹೋಗುವಾಗ ಎದುರಾಳಿಗೆ ಸಿಗುವ ಆ ಅರೆಕ್ಷಣದ ಹೊತ್ತು ಈಗ ಸಿಗುತ್ತಿರಲಿಲ್ಲ. ಅವನು ಕಾಲು ಬದಲಿಸುವ ಮೊದಲೇ ಚೆಂಡು ಬಂದಾಗಿರುತ್ತಿತ್ತು. ಎರಡನೆಯ ಸೆಟ್‌ನಲ್ಲಿ ಅವನು ಕೋರ್ಟಿನಿಂದ ಕೋರ್ಟಿಗೆ ಓಡಾಡುವ ರೆಫರಿಯನ್ನು ಕರೆದ. ತಾನು ಸಿದ್ಧನಾಗುವ ಮೊದಲೇ ನಾನು ಹಾಕುತ್ತಿದ್ದೇನೆ ಎಂದು ದೂರು.

ನಾನು ನಿಯಮ ಓದಿಕೊಂಡು ಹೋಗಿದ್ದೆ. ಇದು ಎಲ್ಲರಿಗೂ ನನ್ನ ಸಲಹೆ: ನೀವು ಏನಾದರೂ ವಿಚಿತ್ರವಾದದ್ದನ್ನು ಮಾಡಲು ಹೊರಟಿದ್ದರೆ ಅದಕ್ಕೆ ಸಂಬಂಧಿಸಿದ ನಿಯಮವನ್ನು ಎದುರಿನವನಿಗಿಂತ ಮೊದಲು ಓದಿ. "ನಾನು ಹಾಕುವ ಮೊದಲು ಅವನು ತಲೆಯೆತ್ತಿ ನಿಂತಿರುತ್ತಾನೆ. ನಿಂತಿದ್ದರೆ ಸಿದ್ಧ. ಸರ್ವ್ ಮಾಡುವವನ ಗತಿಗೆ ಅವನು ಹೊಂದಿಕೊಳ್ಳಬೇಕು, ಅವನ ಗತಿಗೆ ನಾನಲ್ಲ," ಎಂದೆ. ರೆಫರಿ ಎರಡು ಗೇಮ್ ನಿಂತು ನೋಡಿದರು, ಆಮೇಲೆ ಪಕ್ಕದ ಕೋರ್ಟಿಗೆ ಹೋದರು. ಗೆದ್ದೆ. ಡಬಲ್ ಫಾಲ್ಟ್ ಮೂರೇ.

ಎರಡನೆಯ ಪಂದ್ಯ ಒಂದೊಂದು ಸೆಟ್ ಆಯಿತು. ಅರ್ಹತಾ ಸುತ್ತಿನಲ್ಲಿ ಮೂರನೆಯ ಸೆಟ್ ಇರುವುದಿಲ್ಲ, ಹತ್ತು ಪಾಯಿಂಟ್‌ನ ಟೈಬ್ರೇಕ್. ಹತ್ತು–ಎಂಟರಲ್ಲಿ ಹೇಗೋ ಬಂತು. ಕೊನೆಯ ಪಾಯಿಂಟ್‌ನಲ್ಲಿ ನನ್ನ ಚೆಂಡು ಬಲೆಯ ಪಟ್ಟಿಗೆ ಬಡಿದು ಅತ್ತ ಬಿತ್ತು. ಇತ್ತಲೂ ಬೀಳಬಹುದಿತ್ತು.

ಮುಖ್ಯ ಸುತ್ತಿನ ಎದುರಾಳಿ ನನಗಿಂತ ಒಂದು ಅಡಿ ಎತ್ತರದ ವಿದೇಶಿ. ಮೊದಲ ಸೆಟ್ ಅವನದು. ಎರಡನೆಯದು ನನ್ನದು, ಟೈಬ್ರೇಕ್‌ನಲ್ಲಿ. ಮೂರನೆಯ ಸೆಟ್ ನಾಲ್ಕು–ನಾಲ್ಕಕ್ಕೆ ಬಂದಾಗ ಗಂಟೆ ಒಂದೂವರೆ, ಕೋರ್ಟ್ ಮೇಲೆ ದೋಸೆ ಹೊಯ್ಯಬಹುದಿತ್ತು. ನನ್ನ ಸರ್ವ್ ಉಳಿಸಿಕೊಂಡು ಐದು–ನಾಲ್ಕು ಮಾಡಿದೆ. ಬದಿ ಬದಲಿಸುವಾಗ ಅವನು ತೊಡೆ ಹಿಡಿದುಕೊಂಡು ಕುಂಟುತ್ತಿದ್ದ. ಫಿಸಿಯೋ ಬಂದ. ಸ್ನಾಯು ಸೆಳೆತಕ್ಕೆ ಬೇರೆ ವಿರಾಮ ಕೊಡುವುದಿಲ್ಲ, ಬದಿ ಬದಲಿಸುವ ಆ ಒಂದೂವರೆ ನಿಮಿಷದೊಳಗೆ ಎಷ್ಟು ತಿಕ್ಕಿದರೆ ಅಷ್ಟೇ. ಅಂಪೈರ್ ಸಮಯ ಕೂಗಿದರು. ನಾನು ಎದ್ದು ನಡೆದು ಗೆರೆಯ ಬಳಿ ನಿಂತೆ. ಅವನು ಎದ್ದ, ಎರಡು ಹೆಜ್ಜೆ ಇಟ್ಟ, ಮತ್ತೆ ಹೋಗಿ ಕೂತ. ಆಮೇಲೆ ಇನ್ನು ಆಡಲು ಆಗದೆಂದು ಅಂಪೈರ್ ಕಡೆ ಕೈ ಆಡಿಸಿದ.

ನನಗೆ ಖುಷಿಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಕೆಟ್ಟ ಸಿಟ್ಟು ಬಂತು. ಎಷ್ಟೋ ಸಾವಿರ ಸರ್ವ್, ನಾನೂರು ಕುರ್ಚಿ, ಒಂದು ಉಗುರು ಎಲ್ಲ ಆಗಿ, ಕೊನೆಗೆ ಗೆದ್ದದ್ದು ಇನ್ನೊಬ್ಬನ ತೊಡೆಯಿಂದ! ಅವನ ಕೈ ಕುಲುಕಿ ಮುಗಿಸಿದವನೇ ಅಂಪೈರ್ ಹತ್ತಿರ ಹೋಗಿ ಎರಡೆರಡು ಸಲ ಕೇಳಿದೆ, ಇದು ಗೆಲುವೆಂದೇ ಬರೆಯುತ್ತೀರಲ್ಲ, ಅಂಕ ಇದೆಯಲ್ಲ ಎಂದು. ಇದೆ ಎಂದರು. ಮರುದಿನದ ಪಂದ್ಯ ಆರು–ಎರಡು, ಆರು–ಒಂದರಲ್ಲಿ ಸೋತೆ. ಆ ದಿನದ ಎದುರಾಳಿ ನನ್ನ ಸರ್ವ್‌ನ ಗುಟ್ಟನ್ನು ಎರಡೇ ಗೇಮ್‌ನಲ್ಲಿ ತಿಳಿದುಕೊಂಡ.

ಊರಿಗೆ ಬಂದಾಗ ಅಪ್ಪನ ಮೊದಲ ಪ್ರಶ್ನೆ, "ಪಟ್ಟಿ ಎಲ್ಲಿ?"

ಇದೇ ದೊಡ್ಡ ತಲೆನೋವು. ಆ ಮಟ್ಟದ ಟೂರ್ನಿಯ ಅಂಕ ತಕ್ಷಣ ಪಟ್ಟಿಗೆ ಏರುವುದಿಲ್ಲ, ಒಂದು ವಾರ ಬಿಟ್ಟು ಬರುವ ಸೋಮವಾರ ಏರುತ್ತದೆ. ಕಾಲೇಜು ಸೇರುವ ಕೊನೆಯ ದಿನ ಅದರ ಹಿಂದಿನ ಶನಿವಾರ.

"ಅಂಕ ಬಂದಿದೆ ಅಪ್ಪ, ಪಟ್ಟಿಗೆ ಬರ್ಬೇಕಷ್ಟೆ."

"ಅವ ಕೂತದ್ದಂತೆ. ನೀನು ಗೆದ್ದದ್ದು ಹೇಗೆ?"

"ಅವ ಕೂತಾಗ ನಾನು ನಿಂತಿದ್ದೆ."

ಶನಿವಾರ ಬೆಳಿಗ್ಗೆ ನನ್ನ ಮಾರ್ಕ್ಸ್‌ಕಾರ್ಡ್, ಟಿ.ಸಿ. ಎಲ್ಲ ಇದ್ದ ಫೈಲು ಅಂಗಡಿಯ ಮೆಷಿನ್ ಪಕ್ಕ ಇತ್ತು. ಅಪ್ಪ ಬ್ಲೌಸ್ ಒಂದರ ತೋಳು ಹೊಲಿಯುತ್ತಿದ್ದರು. ನಾನು ಗುಂಡಿ ಹಚ್ಚುತ್ತಿದ್ದೆ. ಮಧ್ಯಾಹ್ನ ಎರಡಕ್ಕೆ ಅವರು ಕೇಳಿದರು.

"ಕಾಲೇಜು ಎಷ್ಟಕ್ಕೆ ಮುಚ್ಚುದು?"

"ಐದಕ್ಕೆ."

"ಮಂಗಳೂರಿಗೆ ಈಗ ಹೊರಟ್ರೆ ಸಿಗ್ತದಾ?"

"ಈಗ ಬಸ್ಸಿಲ್ಲ ಅಪ್ಪ."

ನಾನು ಹೇಳಿ ಮುಗಿಸುವಷ್ಟರಲ್ಲಿ, ಮಂಗಳೂರಿಗೆ ಹೋಗುವವರು ಹತ್ತುವ ಉಪ್ಪಿನಂಗಡಿ ಕಡೆಯ ಬಸ್ಸು ಅಂಗಡಿಯ ಎದುರೇ ಬಂದು ನಿಂತಿತು. ಇಬ್ಬರು ಹತ್ತಿದರು. ಕಂಡಕ್ಟರ್ ನಮ್ಮ ಕಡೆ ನೋಡಿ ರೈಟ್ ಕೊಟ್ಟ. ಅಪ್ಪ ಬಸ್ಸು ಹೋಗುವವರೆಗೆ ಅದನ್ನೇ ನೋಡಿದರು.

"ಬಸ್ಸಿಲ್ಲದಿದ್ರೆ ಎಂತ ಮಾಡುದು," ಎಂದು ಮತ್ತೆ ಮೆಷಿನ್ ತುಳಿದರು.

ಸೋಮವಾರ ಪಟ್ಟಿ ಬಂತು. ಬೆರಳಿನಿಂದ ಎಳೆದು ಎಳೆದು ಕೊನೆಗೆ ನನ್ನ ಹೆಸರು ಸಿಕ್ಕಿತು. ಅಪ್ಪ ಕನ್ನಡಕ ಹಾಕಿಕೊಂಡು ಫೋನನ್ನು ಕಣ್ಣ ಹತ್ತಿರ ಹಿಡಿದರು. ಹೆಸರಿನ ಪಕ್ಕದ ಸಂಖ್ಯೆ ಸಾವಿರದ ಏಳುನೂರು ದಾಟಿತ್ತು.

"ಇದೆಂತ ನಂಬರ್?"

"ನನ್ನ ಸ್ಥಾನ."

"ಅಂದ್ರೆ ಇಷ್ಟು ಜನ ನಿನ್ನ ಮುಂದೆ ಉಂಟಾ?"

"ಹೌದು."

ಅವರು ಫೋನನ್ನು ವಾಪಸು ಕೊಟ್ಟು, ಬಟ್ಟೆಯ ಮೇಲಿದ್ದ ಸೀಮೆಸುಣ್ಣದ ಪುಡಿ ಕೊಡವಿದರು.

"ಮತ್ತೆ ಇಲ್ಲಿ ಕೂತು ಗುಂಡಿ ಎಂತಕ್ಕೆ ಹಚ್ಚುದು ಮಾರಾಯ? ಹೋಗು."